ಅಡಿಕೆ ತೋಟದಲ್ಲಿ ಗಣಿತ

ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟಿದೆ. ಪಯಸ್ವಿನಿಯ ತೀರದ ಸಂಪಾಜೆಯಲ್ಲಿ ಕೃಷಿಕನೊಬ್ಬನು ತನ್ನ ಅಡಿಕೆ ತೋಟದಲ್ಲಿ ನಿಂತು ಯೋಚಿಸುತ್ತಿದ್ದಾನೆ. ಮುಂಗಾರಿಗೆ ಮೊದಲು ಮದ್ದು ಬಿಡಿಸಿ ನಲವತ್ತು ದಿನಗಳಾದವು. ಎರಡನೆಯ ಸಲ ಬಿಡಿಸಬೇಕೆ, ಅಥವಾ ಆ ಹಣವನ್ನು ಉಳಿಸಬೇಕೆ? ಇದನ್ನು ನಿರ್ಧರಿಸಲು ಗಣಿತವು ನೆರವಾಗಬಲ್ಲದೆ?

ಅವನು ಹೆದರುವುದು ಕೊಳೆರೋಗಕ್ಕೆ. ಇದನ್ನು ದಕ್ಷಿಣ ಕನ್ನಡದಲ್ಲಿ ಮಹಾಳಿ ಎಂದೂ ಕರೆಯುವರು. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣ. ಇದರ ಕಣಗಳು ಕಾಯಿಯ ಮೇಲಿನ ನೀರಿನ ತೆಳುಪದರದಲ್ಲಿ ಈಜಬಲ್ಲವು. ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಅಭ್ಯಸಿಸಿ, 1910ರಲ್ಲಿ ವಿವರವಾಗಿ ಬರೆದವರು ಲೆಸ್ಲಿ ಕೋಲ್ಮನ್. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವೇ ಇದಕ್ಕೆ ಮದ್ದು. ಆದರೆ ಇದು ರೋಗವನ್ನು ತಡೆಯುವುದೇ ಹೊರತು, ಕೊಳೆತ ಕಾಯಿಯನ್ನು ಗುಣಪಡಿಸದು. ಆದುದರಿಂದ ರೋಗ ಕಾಣುವ ಮೊದಲೇ ನಿರ್ಧಾರವಾಗಬೇಕು.

ಈಗ ಒಂದು ಸರಳ ಮಾದರಿಯನ್ನು ರಚಿಸೋಣ. ಎರಡನೆಯ ಸಿಂಪರಣೆಯ ಖರ್ಚು 8,000 ರೂಪಾಯಿ; ರೋಗ ಬಂದ ವರ್ಷ ಅದರಿಂದ ಉಳಿಯುವ ಫಸಲಿನ ಬೆಲೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಖರ್ಚನ್ನು ಉಳಿತಾಯದಿಂದ ಭಾಗಿಸಿದರೆ ಐದನೆಯ ಒಂದು ಭಾಗ. ಅಂದರೆ, ಐದು ವರ್ಷಗಳಿಗೊಮ್ಮೆಗಿಂತ ಹೆಚ್ಚಾಗಿ ರೋಗ ಬರುವುದಾದರೆ ಮದ್ದು ಬಿಡಿಸುವುದೇ ಲಾಭಕರ. ಹತ್ತು ವರ್ಷಗಳಲ್ಲಿ ನಾಲ್ಕು ಸಲ ರೋಗ ಬಂದಿತೆನ್ನೋಣ. ಪ್ರತಿವರ್ಷ ಬಿಡಿಸಿದವನಿಗೆ ತಗಲುವ ಖರ್ಚು 80,000. ಬಿಡಿಸದವನು ಕಳೆದುಕೊಳ್ಳುವುದು 1,60,000. ಆರು ವರ್ಷ ಮದ್ದು ವ್ಯರ್ಥವಾದಂತೆ ಕಂಡರೂ ಮೊದಲನೆಯವನ ನಿರ್ಧಾರವೇ ಸರಿ. ಒಂದು ವರ್ಷದ ಫಲದಿಂದ ನಿರ್ಧಾರದ ಗುಣವನ್ನು ಅಳೆಯಲಾಗದು.

ಆದರೆ ತೋಟವು ಒಂಟಿಯಾಗಿ ಇರುವುದಿಲ್ಲ. ಪಕ್ಕದ ತೋಟದಲ್ಲಿ ಕೊಳೆತು ಬಿದ್ದ ಕಾಯಿಗಳಿಂದ ಗಾಳಿ ಮಳೆಗಳು ರೋಗಕಣಗಳನ್ನು ಹೊತ್ತು ತರುತ್ತವೆ. ರೋಗವು ಕಾಯಿಯನ್ನು ಉದುರಿಸುತ್ತದೆ; ಉದುರಿದ ಕಾಯಿ ರೋಗವನ್ನು ಹೆಚ್ಚಿಸುತ್ತದೆ. ಈ ಚಕ್ರವನ್ನು ಎಲ್ಲಿ ಕಡಿಯಬಹುದೆಂದು ಹುಡುಕುವುದೇ ವ್ಯವಸ್ಥೆಯನ್ನು ಇಡಿಯಾಗಿ ನೋಡುವ ಕ್ರಮ. ಬಿದ್ದ ಕಾಯಿಗಳನ್ನು ಹೆಕ್ಕಿ ನಾಶಪಡಿಸಿದರೆ ಅಲ್ಪ ಖರ್ಚಿನಲ್ಲಿಯೇ ನೆರೆಹೊರೆಯವರೆಲ್ಲರ ಅಪಾಯವೂ ತಗ್ಗುವುದು. ಇನ್ನೊಂದು ತೊಡಕೂ ಉಂಟು: ಮಳೆ ಬಿಟ್ಟ ದಿನವೇ ಎಲ್ಲರಿಗೂ ಮರ ಹತ್ತುವವರು ಬೇಕು. ಸರದಿಯನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಸರಿಯಾದ ಲೆಕ್ಕವೂ ಕಾಗದದಲ್ಲಿಯೇ ಉಳಿಯುವುದು.

ಮೇಲಿನ ಅಂಕಿಗಳು ಕೇವಲ ಉದಾಹರಣೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ತೋಟವಿದ್ದರೆ ಮಳೆ, ರೋಗ, ಖರ್ಚು, ಫಸಲುಗಳನ್ನು ವರ್ಷವರ್ಷವೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ನಾಲ್ಕಾರು ವರ್ಷ ಕಳೆದ ಮೇಲೆ ನಿಮ್ಮ ತಂದೆಯವರ ಪ್ರಶ್ನೆಗೆ ನಿಮ್ಮ ತೋಟದ ಅಂಕಿಗಳಿಂದಲೇ ಉತ್ತರ ಹೇಳಬಲ್ಲಿರಿ.