ಹೊಟ್ಟಿನ ಒಲೆಯ ಪಾಠ

ರಾಜಾಜಿನಗರ, ವಿಜಯನಗರಗಳ ಹಳೆಯ ವಠಾರಗಳಲ್ಲಿ ಬಾಳಿದವರಿಗೆ ಹೊಟ್ಟಿನ ಒಲೆಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ತಗಡಿನ ದುಂಡನೆಯ ಡಬ್ಬಿ. ಬುಡದ ಪಕ್ಕದಲ್ಲಿ ಒಂದು ಬಾಯಿ. ನಡುವೆ ಸೀಸೆಯೊಂದನ್ನು ನಿಲ್ಲಿಸಿ, ಬಾಯಿಯ ಮೂಲಕ ಒಂದು ಕೋಲನ್ನು ಅದಕ್ಕೆ ತಾಗುವಂತೆ ತೂರಿಸಿ, ಸುತ್ತಲೂ ಮರದ ಹೊಟ್ಟನ್ನು ಅದುಮಿ ತುಂಬಬೇಕು. ಆಮೇಲೆ ಸೀಸೆಯನ್ನೂ ಕೋಲನ್ನೂ ಮೆಲ್ಲನೆ ತೆಗೆದರೆ ಗಾಳಿಗೊಂದು ದಾರಿ ಉಳಿಯುತ್ತದೆ. ಕೆಳಗೆ ಕಿಡಿ ಹೊತ್ತಿಸಿದರಾಯಿತು. ಹಂಡೆಯ ನೀರು ಕಾಯುವವರೆಗೆ ಯಾರೂ ಒಲೆಯ ಮುಂದೆ ಕೂರಬೇಕಾಗಿಲ್ಲ. ಅದೇ ಹೊಟ್ಟನ್ನು ಗುಡ್ಡೆ ಹಾಕಿ ಬೆಂಕಿಯಿಟ್ಟರೆ ಮನೆಯೆಲ್ಲ ಹೊಗೆ, ನೀರು ಮಾತ್ರ ತಣ್ಣಗೆ.

ಹೊಟ್ಟು ಮರದ್ದಾಗಲಿ, ಹೊಲದ್ದಾಗಲಿ, ಉರಿಯುವ ಬಗೆ ಒಂದೇ. ಒಣಗಿದ ಸಸ್ಯಪದಾರ್ಥ ಕಾದಾಗ ಅದರ ತೂಕದ ಸುಮಾರು ಮುಕ್ಕಾಲು ಭಾಗ ಅನಿಲವಾಗಿ, ಆವಿಯಾಗಿ ಹೊರಬರುತ್ತದೆ. ನಾವು ಜ್ವಾಲೆಯೆಂದು ಕಾಣುವುದು ಆ ಅನಿಲದ ಉರಿಯನ್ನು. ಹೊಗೆಯೆಂದು ಶಪಿಸುವುದು ಉರಿಯದೆ ತಪ್ಪಿಸಿಕೊಂಡ ಇಂಧನವನ್ನು. ಗಾಳಿಯನ್ನು ಲೆಕ್ಕವಿಟ್ಟು ಒಳಬಿಟ್ಟರೆ ಈ ಅನಿಲವನ್ನು ಕೊಳವೆಯಲ್ಲಿ ಹಿಡಿದು, ಶುದ್ಧಿಮಾಡಿ, ಎಂಜಿನ್ನನ್ನೂ ಓಡಿಸಬಹುದು. ಅದರಲ್ಲಿ ಅರ್ಧದಷ್ಟು ಉರಿಯದ ಸಾರಜನಕವಿದ್ದರೂ ಉಳಿದ ಕಾರ್ಬನ್ ಮಾನಾಕ್ಸೈಡ್, ಜಲಜನಕಗಳು ಕೆಲಸಕ್ಕೆ ಸಾಕು. ಅನಿಲೀಕರಣವೆಂಬ ದೊಡ್ಡ ಹೆಸರಿನ ಹಿಂದಿರುವ ಸಂಗತಿ ಇಷ್ಟೆ.

ಒಂದು ಕಿಲೋ ಒಣ ಕೃಷಿ ಶೇಷದಲ್ಲಿ ಸುಮಾರು 3,500ರಿಂದ 4,000 ಕಿಲೋಕ್ಯಾಲರಿ ಶಾಖವಿದೆ; ಸೀಮೆಎಣ್ಣೆಯಲ್ಲಿ 10,000ಕ್ಕೂ ಮಿಗಿಲು. ಮೂರು ಕಿಲೋ ಸಿಪ್ಪೆ ಒಂದು ಕಿಲೋ ಎಣ್ಣೆಗೆ ಸಮ ಎಂದಾಯಿತು. ಲೆಕ್ಕ ಆಸೆ ಹುಟ್ಟಿಸುವಂಥದೇ. ಆದರೆ ಬಿಡಿ ಹುಲ್ಲು ಒಂದು ಘನಮೀಟರಿಗೆ ನೂರು ಕಿಲೋ ಕೂಡ ತೂಗುವುದಿಲ್ಲ. ಲಾರಿ ಸಾಗಿಸುವುದು ಇಂಧನಕ್ಕಿಂತ ಹೆಚ್ಚಾಗಿ ಗಾಳಿಯನ್ನೇ! ಆದ್ದರಿಂದ ಶೇಷವನ್ನು ಒಂದೋ ಬಿದ್ದಲ್ಲೇ ಬಳಸಬೇಕು, ಇಲ್ಲವೆ ಒತ್ತಿ ಉಂಡೆಕಟ್ಟಬೇಕು.

ಬಿದ್ದಲ್ಲೇ ಬಳಸುವ ಜಾಣತನ ನಮಗೆ ಹೊಸದಲ್ಲ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮಂಡ್ಯದ ಕಡೆಗೆ ಹೋದವರು ಆಲೆಮನೆಗಳನ್ನು ಕಂಡಿರುತ್ತಾರೆ. ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆ ಅಂಗಳದಲ್ಲಿ ಒಣಗುತ್ತದೆ; ಒಣಗಿದ್ದು ಒಲೆಗೆ ಹೋಗಿ ಕಬ್ಬಿನ ಹಾಲನ್ನೇ ಕುದಿಸಿ ಬೆಲ್ಲ ಮಾಡುತ್ತದೆ. ಅದೇ ಜಿಲ್ಲೆಯ ಮಳವಳ್ಳಿಯಲ್ಲಿ 2001ರಲ್ಲಿ 4.5 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವೊಂದು ಆರಂಭವಾಯಿತು. ಗದ್ದೆಯಲ್ಲೇ ಸುಟ್ಟುಹಾಕುತ್ತಿದ್ದ ಕಬ್ಬಿನ ತರಗು, ತೆಂಗಿನ ಗರಿಗಳಿಗೆ ಅಲ್ಲಿ ಬೆಲೆ ಬಂದಿತು.

ಉಂಡೆಕಟ್ಟುವ ದಾರಿಯ ಕಥೆ ಬೇರೆ. ರಾಜಾಜಿನಗರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ದಹನಶಾಸ್ತ್ರದ ನೆರವಿನಿಂದ ಒಂದು ಒಲೆಯನ್ನು ರೂಪಿಸಿದರು. ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆಯಂಥವುಗಳಿಂದ ಒತ್ತಿದ ಉಂಡೆ ಅದರ ಇಂಧನ. ಸಣ್ಣ ಬೀಸಣಿಗೆಯೊಂದು ಗಾಳಿಯನ್ನು ಅಳೆದು ಕೊಡುತ್ತದೆ. 'ಊರ್ಜಾ' ಎಂಬ ಹೆಸರಿನಲ್ಲಿ 2006ರಲ್ಲಿ ಮಾರುಕಟ್ಟೆಗೆ ಬಂದ ಈ ಒಲೆ ಕೆಲವೇ ವರ್ಷಗಳಲ್ಲಿ ಸುಮಾರು 4 ಲಕ್ಷ ಮನೆಗಳನ್ನು ಸೇರಿತು. ಒಲೆ ಚೆನ್ನಾಗಿಯೇ ಉರಿಯಿತು. ಆದರೆ ಸಿಪ್ಪೆಗೆ ಗಿರಾಕಿ ಹೆಚ್ಚಿ, ಉಂಡೆಯ ಬೆಲೆ ಏರಿ, ಮನೆಗಳಲ್ಲಿ ಬಳಕೆ ಕುಗ್ಗಿತು. ಕೇಳುವವರಿಲ್ಲದಿರುವಾಗ ಮಾತ್ರ ಕಸವೆಂಬುದು ಪುಕ್ಕಟೆ.

ಕೇಳುವವರಾದರೂ ಯಾರು? ಮೊದಲನೆಯದು ಗೋವು. ನಮ್ಮ ಸೀಮೆಯಲ್ಲಿ ಮೆದೆಯೊಟ್ಟಿದ ರಾಗಿ ಹುಲ್ಲು ಕಸವಲ್ಲ, ಬೇಸಗೆಯ ಮೇವು. ಹುರುಳಿ ಹೊಟ್ಟು, ಅವರೆ ಹೊಟ್ಟುಗಳೂ ಹಾಗೆಯೇ. ಎರಡನೆಯದು ಮಣ್ಣು. ಹುಲ್ಲನ್ನು ಸುಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಸಾರಜನಕ ಹಾರಿಹೋಗುತ್ತದೆ. ಮಣ್ಣನ್ನು ಮೃದುವಾಗಿಡುವ ಜೈವಿಕಾಂಶವಂತೂ ಮತ್ತೆ ಸಿಗದು. ಮೂರನೆಯದು ಬಡವರ ಒಲೆ. ಕೊಯ್ಲಾದ ಹೊಲದಲ್ಲಿ ತೊಗರಿ ಕಡ್ಡಿ ಆರಿಸಿಕೊಂಡು ಹೋಗುವ ಭೂಮಿಯಿಲ್ಲದ ಹೆಣ್ಣುಮಗಳಿಗೆ ಅದೇ ಸಂಜೆಯ ಅಡಿಗೆಯ ಉರಿ. ಕಾರ್ಖಾನೆ ಅದಕ್ಕೆ ಬೆಲೆ ಕಟ್ಟಿದರೆ ಹಣ ಹೊಲದೊಡೆಯನಿಗೆ ಸೇರುತ್ತದೆ. ಆಕೆಯ ಮಡಿಲು ಬರಿದಾಗುತ್ತದೆ.

ಉತ್ತರದ ಪಂಜಾಬ್, ಹರಿಯಾಣಗಳ ಸ್ಥಿತಿ ಇದಲ್ಲ. ಅಲ್ಲಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಕೆಲವೇ ವಾರ. ಯಂತ್ರ ಕೊಯ್ದು ಬಿಟ್ಟ ಹುಲ್ಲನ್ನು ರೈತರು ಗದ್ದೆಯಲ್ಲೇ ಸುಡುತ್ತಾರೆ. ಆ ಹುಲ್ಲಿಗಾಗಿಯೇ 2022ರಲ್ಲಿ ಪಾಣಿಪತ್ತಿನಲ್ಲಿ ಎಥನಾಲ್ ಕಾರ್ಖಾನೆಯೊಂದು ಉದ್ಘಾಟನೆಯಾಯಿತು. ಹುಲ್ಲಿನ ನಾರನ್ನು ಸಡಿಲಿಸಿ, ಕಿಣ್ವಗಳಿಂದ ಸಕ್ಕರೆಯಾಗಿಸಿ, ಹುದುಗೆಬ್ಬಿಸಿ ಮದ್ಯಸಾರ ಮಾಡುವ ವಿಧಾನ ಅದು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವ ಗುರಿ. ಅಲ್ಲಿಗೆ ಅದು ಔಷಧ. ಅದನ್ನೇ ಮಾಗಡಿಯ ರಾಗಿ ಮೆದೆಗೆ ತಂದು ಬಳಿಯುವುದು ಸಲ್ಲದು.

ನಮಗೆ ಒಪ್ಪುವ ಒಂದು ಮಾದರಿ ಇದೇ ಮಾಗಡಿ ರಸ್ತೆಯ ಆಚೆ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ನಡೆಯಿತು. ಅಮೂಲ್ಯ ಕೆ. ಎನ್. ರೆಡ್ಡಿ ಅವರು 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ಪ್ರಯೋಗ ಅದು. 1987ರಿಂದ ಅಲ್ಲಿ ಊರ ದನಗಳ ಸಗಣಿಯ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಅನಿಲ ತೆಗೆದು ಉಳಿದ ಗೊಬ್ಬರವನ್ನು ಸಗಣಿ ತಂದವರಿಗೇ ಹಿಂದಿರುಗಿಸಿದರು. ಹುಲ್ಲು ಹಸುವಿಗೆ ಸಂದಿತು, ಬೆಂಕಿ ಊರಿಗೆ ಒದಗಿತು, ಸಾರ ಮಣ್ಣಿಗೆ ಮರಳಿತು.

ಹಸು ಮುಟ್ಟದ ತೆಂಗಿನ ಕರಟ, ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆಗಳು ಅವಶ್ಯವಾಗಿ ಇಂಧನವಾಗಲಿ. ಆದರೆ ಹೊಲದಿಂದ ಏನನ್ನೇ ಹೊತ್ತು ತರುವ ಮುನ್ನ ಅದು ಯಾರ ಪಾಲಿನದೆಂದು ಕೇಳುವುದು ನಮ್ಮ ಕರ್ತವ್ಯ. ಹೊಟ್ಟಿನ ಒಲೆ ಚೆನ್ನಾಗಿ ಉರಿಯುತ್ತಿದ್ದುದು, ಕೇಳುಗರೇ, ನಡುವೆ ಒಂದಿಷ್ಟು ಜಾಗವನ್ನು ತುಂಬದೆ ಬಿಟ್ಟಿದ್ದರಿಂದ.