ಚೀನಕ್ಕೆ ಹೊರಟ ಶಿಕ್ಷಕರೇ, ಮೊದಲು ಕಾಗದಪತ್ರ ಆಮೇಲೆ ಪೆಟ್ಟಿಗೆ

ಗಂಟುಮೂಟೆ ಕಟ್ಟಿ ಹೊರಡುವುದು ಹೊರನಾಡ ಕನ್ನಡಿಗರಿಗೆ ಹೊಸದೇನಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಮಕ್ಕಳು, ಮೊಮ್ಮಕ್ಕಳು ಇಂದು ಶಿಕ್ಷಕರಾಗಿ ಪರದೇಶಗಳಲ್ಲಿ ಪಾಠ ಹೇಳುತ್ತಿದ್ದಾರೆ. ಅಂತಾರಾಷ್ಟ್ರೀಯ ಶಾಲೆಗಳ ಗಣಿತ ಮತ್ತು ವಿಜ್ಞಾನ ಅಧ್ಯಾಪಕರಿಗೆ, ಯೋಗ ಶಿಕ್ಷಕರಿಗೆ ಚೀನದಲ್ಲೂ ಅವಕಾಶಗಳಿವೆ. ಕುನ್ಮಿಂಗ್ ನಗರದ ಯುನ್ನಾನ್ ಮಿಂಝು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಭಾರತ-ಚೀನ ಯೋಗ ಕಾಲೇಜು ಆರಂಭವಾಯಿತು. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ ಸಂಚಾರವು 2025ರ ಅಕ್ಟೋಬರ್ 26ರ ಕೋಲ್ಕತಾ-ಗುವಾಂಗ್‌ಝೌ ವಿಮಾನದೊಂದಿಗೆ ಮರಳಿ ಶುರುವಾಗಿರುವುದರಿಂದ ದಾರಿಯೂ ತುಸು ಸಲೀಸಾಗಿದೆ.

ಆದರೆ ಕೈಯಲ್ಲಿದ್ದ ನೌಕರಿ ಬಿಟ್ಟು, ಮನೆಯ ಸಾಲದ ಕಂತು ಹೊತ್ತುಕೊಂಡು ಹೊರಡುವವರಿಗೆ ಒಂದು ಸಣ್ಣ ತಪ್ಪೂ ದುಬಾರಿಯಾಗಬಹುದು. ಮೊದಲ ಬಾರಿ ಹೊರಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ವೀಸಾ: ಇಲ್ಲಿ ರಾಜಿ ಬೇಡ

ಚೀನದಲ್ಲಿ ಸಂಬಳಕ್ಕೆ ಕೆಲಸ ಮಾಡಲು 'ಝಡ್' ವೀಸಾ ಬೇಕು. 'ಎಲ್' ವೀಸಾ ಪ್ರವಾಸಿಗಳಿಗೆ, 'ಎಫ್' ವೀಸಾ ವಿನಿಮಯ ಭೇಟಿಗೆ. "ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಎಲ್ಲ ಸರಿ ಮಾಡಿಕೊಡುತ್ತೇವೆ" ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬಾರದು. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ ಪರವಾನಿಗೆಯಿಲ್ಲದೆ ಕೆಲಸ ಮಾಡಿದ ವಿದೇಶೀಯರಿಗೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನಗಳ ಬಂಧನವೂ ಉಂಟು. ಸಿಕ್ಕಿಬಿದ್ದಾಗ ಏಜೆಂಟ್ ಫೋನ್ ಎತ್ತುವುದಿಲ್ಲ. ಠಾಣೆಯಲ್ಲಿ ಕೂರಬೇಕಾದವರು ಶಿಕ್ಷಕರೇ.

ಕೆಲಸಕ್ಕೆ ಕರೆಯುವ ಶಾಲೆ ಮೊದಲು ಅಲ್ಲಿನ ಸರಕಾರದಿಂದ ಕೆಲಸದ ಪರವಾನಿಗೆಯ ಸೂಚನಾಪತ್ರ ತರಿಸಿಕೊಡಬೇಕು. ಅದು ಕೈಗೆ ಬಂದ ಮೇಲೆ ವೀಸಾ ಅರ್ಜಿ. ಸಾಮಾನ್ಯವಾಗಿ ಪದವಿ, ಎರಡು ವರ್ಷದ ಅನುಭವ, ಪೊಲೀಸ್ ನಿರಾಕ್ಷೇಪಣೆ ಪತ್ರ ಮತ್ತು ವೈದ್ಯಕೀಯ ತಪಾಸಣಾ ವರದಿ ಕೇಳುತ್ತಾರೆ. ಇಂಗ್ಲಿಷ್ ಭಾಷಾ ಶಿಕ್ಷಕರ ಹುದ್ದೆಗೆ ಬಹುಪಾಲು ಇಂಗ್ಲಿಷ್ ಮಾತೃಭಾಷೆಯ ದೇಶಗಳವರನ್ನೇ ಪರಿಗಣಿಸುವುದರಿಂದ ಭಾರತೀಯರು ಆ ಹುದ್ದೆಯ ಆಹ್ವಾನ ಬಂದರೆ ಎರಡು ಬಾರಿ ವಿಚಾರಿಸುವುದು ಒಳಿತು. 2021ರ ಜುಲೈಯಲ್ಲಿ ಚೀನ ಸರಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್ ತರಗತಿಗಳಿಗೆ ಕಡಿವಾಣ ಹಾಕಿತು. ಆದ್ದರಿಂದ ಕರೆದ ಸಂಸ್ಥೆಗೆ ವಿದೇಶೀಯರನ್ನು ನೇಮಿಸುವ ಪರವಾನಿಗೆ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಹೆಸರಿನ ಗೊಂದಲ

ನಮ್ಮವರ ದೊಡ್ಡ ತೊಡಕು ಹೆಸರಿನದ್ದು. ಪದವಿಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಕುಲನಾಮ, ಮದುವೆಯ ಬಳಿಕ ಗಂಡನ ಹೆಸರು - ಹೀಗೆ ಒಬ್ಬರೇ ನಾಲ್ಕು ಜನರಾಗಿ ಕಾಣುವುದುಂಟು. ಚೀನದಲ್ಲಿ ಕೆಲಸದ ಪರವಾನಿಗೆ, ಬ್ಯಾಂಕ್ ಖಾತೆ, ರೈಲು ಟಿಕೆಟು ಎಲ್ಲವೂ ಪಾಸ್‌ಪೋರ್ಟಿನ ಹೆಸರಿನಲ್ಲೇ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಹೆಸರು ಸರಿಪಡಿಸಿಕೊಳ್ಳಬೇಕು. ಪದವಿಪತ್ರದ ದೃಢೀಕರಣ ಹಲವು ಮೇಜುಗಳನ್ನು ದಾಟಿ ಬರುವುದರಿಂದ ವಾರಗಳು ಹಿಡಿಯುತ್ತವೆ. ಯಾವ ಬಗೆಯ ದೃಢೀಕರಣ ಬೇಕೆಂದು ಶಾಲೆಯನ್ನೂ ವೀಸಾ ಕೇಂದ್ರವನ್ನೂ ಕೇಳಿಯೇ ಮುಂದುವರಿಯಬೇಕು.

ಇಲ್ಲಿ ಕಾಯಂ ನೌಕರಿಯಲ್ಲಿರುವವರು ಸಂಬಳರಹಿತ ರಜೆ ಸಿಗುತ್ತದೆಯೇ ಎಂದು ಲಿಖಿತವಾಗಿ ವಿಚಾರಿಸಲಿ. ಸೂಚನಾಪತ್ರವೂ ವೀಸಾವೂ ಕೈಗೆ ಬರುವ ಮುನ್ನ ರಾಜೀನಾಮೆ ಬರೆಯುವುದು ಬೇಡ.

ಹಣಕಾಸಿನ ಏರ್ಪಾಡು

ಉದ್ಯೋಗಕ್ಕಾಗಿ ವಿದೇಶಕ್ಕೆ ಹೋಗುವವರು ಬ್ಯಾಂಕಿಗೆ ತಿಳಿಸಿ ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬುದು ನಿಯಮ. ಅಲ್ಲಿಂದ ಸಂಬಳ ಕಳುಹಿಸಲು ಎನ್‌ಆರ್‌ಇ ಖಾತೆ ತೆರೆಯಬಹುದು. ನಾಮಿನಿ ಹೆಸರು ಇದೆಯೇ, ಸಾಲದ ಕಂತು ಯಾವ ಖಾತೆಯಿಂದ ಹೋಗುತ್ತದೆ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರನ್ನು ರೋಮಿಂಗ್‌ನಲ್ಲಿ ಜೀವಂತ ಇಡದಿದ್ದರೆ ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೆ ಇದ್ದ ಹಣವೂ ಇಲ್ಲದಂತೆ.

ಚೀನದ ನಾಣ್ಯ ಯುವಾನ್. ಆಡುಮಾತಿನಲ್ಲಿ 'ಕ್ವಾಯ್' ಎನ್ನುತ್ತಾರೆ. ತರಕಾರಿ ಗಾಡಿಯಿಂದ ಮಾಲ್‌ವರೆಗೆ ಎಲ್ಲೆಡೆ ಅಲಿಪೇ ಮತ್ತು ವೀಚಾಟ್‌ನ ಕ್ಯೂಆರ್ ಕೋಡ್. ನಮ್ಮ ಯುಪಿಐಯನ್ನು ನೆಚ್ಚಿಕೊಂಡು ಹೋಗುವಂತಿಲ್ಲ. 2023ರಿಂದ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಈ ಆ್ಯಪ್‌ಗಳಿಗೆ ಜೋಡಿಸುವ ಅನುಕೂಲವಿದೆ. 200 ಯುವಾನ್‌ಗಿಂತ ದೊಡ್ಡ ಪಾವತಿಗೆ ಶೇ. 3ರಷ್ಟು ಶುಲ್ಕ ಬೀಳುವುದುಂಟು. ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ಬಳಕೆ ಚಾಲೂ ಮಾಡಿಸಿಕೊಂಡೇ ವಿಮಾನ ಹತ್ತಬೇಕು.

ಮೊದಲ ಸಂಬಳಕ್ಕೆ ತಿಂಗಳು ಮೀರಿ ಕಾಯಬೇಕಾಗಬಹುದು. ಬಾಡಿಗೆ ಮನೆಗೆ ಒಂದು ತಿಂಗಳ ಠೇವಣಿ, ಮೂರು ತಿಂಗಳ ಬಾಡಿಗೆ ಮುಂಗಡವಾಗಿ ಕೇಳುವ ಪದ್ಧತಿ ಹಲವೆಡೆ ಇದೆ. ಅಷ್ಟು ಮೊತ್ತದ ಸಿದ್ಧತೆ ಇಲ್ಲದೆ ಹೊರಟರೆ ಪರದೇಶದಲ್ಲಿ ಕೈಚಾಚಬೇಕಾದೀತು.

ಮನೆಯವರೊಡನೆ ಸಂಪರ್ಕ

ಗೂಗಲ್, ಜಿಮೇಲ್, ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್ ಯಾವುವೂ ಚೀನದ ಅಂತರ್ಜಾಲದಲ್ಲಿ ತೆರೆಯುವುದಿಲ್ಲ. ಇನ್ನೊಂದೆಡೆ, ಅಲ್ಲಿ ದಿನಬಳಕೆಯ ವೀಚಾಟ್ ಸೇರಿದಂತೆ 59 ಆ್ಯಪ್‌ಗಳನ್ನು ಭಾರತ ಸರಕಾರ 2020ರ ಜೂನ್ 29ರಂದು ನಿಷೇಧಿಸಿದೆ. ಹಾಗಾಗಿ ಅವರದ್ದು ನಮ್ಮಲ್ಲಿಲ್ಲ, ನಮ್ಮದು ಅವರಲ್ಲಿಲ್ಲ. ಭಾರತದ ಸಿಮ್‌ಗೆ ರೋಮಿಂಗ್ ಡೇಟಾ ಹಾಕಿಸಿದರೆ ವಾಟ್ಸ್‌ಆ್ಯಪ್ ನಡೆಯುತ್ತದೆ, ಆದರೆ ಖರ್ಚು ಜಾಸ್ತಿ. ವಾರಕ್ಕೆ ಯಾವ ದಿನ, ಎಷ್ಟು ಹೊತ್ತಿಗೆ ಕರೆ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ವಯಸ್ಸಾದ ತಾಯಿತಂದೆ ಗಾಬರಿಯಾಗುವುದು ತಪ್ಪುತ್ತದೆ. ಚೀನದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಪಾಠದ ಟಿಪ್ಪಣಿ, ಪ್ರಮಾಣಪತ್ರಗಳ ಪ್ರತಿ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಗೂಗಲ್ ಡ್ರೈವ್‌ನಲ್ಲಿಟ್ಟರೆ ತರಗತಿಯಲ್ಲಿ ಕೈಕಟ್ಟಿ ನಿಲ್ಲಬೇಕಾದೀತು.

ಊಟ, ಬಟ್ಟೆ, ಪೆಟ್ಟಿಗೆ

ಸಸ್ಯಾಹಾರಿಗಳು 'ವೋ ಛೀ ಸು' (ನಾನು ಸಸ್ಯಾಹಾರಿ) ಎಂಬ ಮಾತನ್ನು ಕಲಿತಿರಲಿ, ಚೀನೀ ಲಿಪಿಯಲ್ಲಿ ಬರೆದ ಚೀಟಿಯೂ ಕಿಸೆಯಲ್ಲಿರಲಿ. ತರಕಾರಿ ಪಲ್ಯಕ್ಕೂ ಮಾಂಸದ ರಸ, ಹಂದಿಯ ಕೊಬ್ಬು ಸೇರಿಸುವುದುಂಟು. ನಳದ ನೀರು ಕುಡಿಯುವ ಪದ್ಧತಿ ಇಲ್ಲ, ಕುದಿಸಿದ ಬಿಸಿನೀರು ಶಾಲೆ, ರೈಲು ಎಲ್ಲೆಡೆ ಸಿಗುತ್ತದೆ. ಹಾಗಾಗಿ ಒಂದು ಒಳ್ಳೆಯ ಫ್ಲಾಸ್ಕ್ ಅವಶ್ಯ. ಸಾರಿನಪುಡಿ, ಚಟ್ನಿಪುಡಿ ಜೊತೆಗಿದ್ದರೆ ಮೊದಲ ವಾರ ಸಾಗುತ್ತದೆ. ಹಣ್ಣು, ಹಸಿ ತರಕಾರಿ, ಕರಿಬೇವು, ಬೀಜ, ಬೆಣ್ಣೆ, ಮಾಂಸ ಒಯ್ಯುವಂತಿಲ್ಲ. ಔಷಧಿಯ ಜೊತೆ ವೈದ್ಯರ ಚೀಟಿ ಇರಲಿ. ಮಾದಕ ವಸ್ತುವಿಗೆ ಅಲ್ಲಿ ಮರಣದಂಡನೆಯವರೆಗೂ ಶಿಕ್ಷೆಯಿದೆ. ಪರಿಚಯದವರು ಕೊಟ್ಟ ಕಟ್ಟಿದ ಪೊಟ್ಟಣವನ್ನು ತೆರೆದು ನೋಡದೆ ಒಯ್ಯಬಾರದು.

ಮುಂಬಯಿಯ ಸ್ವೆಟರು ಬೀಜಿಂಗ್‌ನ ಜನವರಿಗೆ ಸಾಲದು. ಉತ್ತರದ ಊರುಗಳಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮನೆ ಬೆಚ್ಚಗಾಗಿಸುವ ವ್ಯವಸ್ಥೆ ಇದೆ. ಶಾಂಘೈಯಂಥ ದಕ್ಷಿಣದ ಊರುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ, ಹಾಗಾಗಿ ಮನೆಯೊಳಗೂ ಚಳಿ.

ತರಗತಿಯಲ್ಲಿ

ನಮ್ಮೂರಿನಲ್ಲಿ 'ಮೇಷ್ಟ್ರೇ' ಎಂದು ಕರೆಯುವಂತೆ ಅಲ್ಲಿ ಕುಲನಾಮದ ಮುಂದೆ 'ಲಾವ್‌ಶೀ' ಸೇರಿಸಿ ಕರೆಯುತ್ತಾರೆ. ಶಿಕ್ಷಕರೆಂದರೆ ಗೌರವವಿದೆ. ಅವರ ಶಿಕ್ಷಕರ ದಿನ ಸೆಪ್ಟೆಂಬರ್ 10. ಶಾಲಾ ವರ್ಷವೂ ಸೆಪ್ಟೆಂಬರ್ ಆರಂಭದಲ್ಲೇ ಶುರು. ಒಂದು ತರಗತಿಯಲ್ಲಿ 40-50 ಮಕ್ಕಳಿರುವುದು ನಮ್ಮವರಿಗೆ ಹೊಸದಲ್ಲ. ಮಕ್ಕಳು ತಪ್ಪಾದೀತೆಂದು ಬಾಯಿ ಬಿಡದಿದ್ದರೆ ದಡ್ಡರೆಂದು ತಿಳಿಯಬಾರದು. ಇಬ್ಬಿಬ್ಬರನ್ನು ಸೇರಿಸಿ ಮಾತಾಡಿಸಿದರೆ ತೆರೆದುಕೊಳ್ಳುತ್ತಾರೆ. ಸಹೋದ್ಯೋಗಿಗಳಿಗೆ ಮೈಸೂರು ಸ್ಯಾಂಡಲ್ ಸಾಬೂನಿನಂಥ ಉಡುಗೊರೆಯನ್ನು ಎರಡೂ ಕೈಯಲ್ಲಿ ಕೊಡಬಹುದು. ಗಡಿಯಾರ ಮಾತ್ರ ಕೊಡಬಾರದು. ಅವರ ಭಾಷೆಯಲ್ಲಿ 'ಗಡಿಯಾರ ಕೊಡು' ಎಂಬ ಮಾತು ಅಂತಿಮ ವಿದಾಯದ ಮಾತಿನಂತೆಯೇ ಕೇಳಿಸುತ್ತದೆ. ಗಡಿ, ಟಿಬೆಟ್, ತೈವಾನ್ ವಿಚಾರಗಳನ್ನು ತರಗತಿಗೆ ತರುವುದು ಬೇಡ. ಭಾರತದ ನಕಾಶೆಯಿರುವ ಪುಸ್ತಕ ಕಸ್ಟಮ್ಸ್‌ನಲ್ಲಿ ತೊಂದರೆ ತರಬಹುದು.

ಇಳಿದ ಮೇಲೆ

ಬಂದ 24 ಗಂಟೆಯೊಳಗೆ ವಾಸಸ್ಥಳವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ಹೋಟೆಲಿನಲ್ಲಿದ್ದರೆ ಅವರೇ ಮಾಡುತ್ತಾರೆ, ಮನೆಯಲ್ಲಿದ್ದರೆ ಸ್ವತಃ ಹೋಗಬೇಕು. ತಪ್ಪಿದರೆ 2,000 ಯುವಾನ್‌ವರೆಗೆ ದಂಡ. 'ಝಡ್' ವೀಸಾದವರು 30 ದಿನಗಳೊಳಗೆ ವಾಸದ ಪರವಾನಿಗೆಗೆ ಅರ್ಜಿ ಹಾಕಬೇಕು. ಪೊಲೀಸ್ 110, ಅಗ್ನಿಶಾಮಕ 119, ಆಂಬುಲೆನ್ಸ್ 120. ಬೀಜಿಂಗ್‌ನಲ್ಲಿ ಭಾರತದ ರಾಯಭಾರ ಕಚೇರಿ, ಶಾಂಘೈ ಮತ್ತು ಗುವಾಂಗ್‌ಝೌಗಳಲ್ಲಿ ದೂತಾವಾಸಗಳಿವೆ. ಆ ನಂಬರುಗಳು ಮನೆಯವರ ಬಳಿಯೂ ಇರಲಿ.

ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ವೈದ್ಯಕೀಯ ಓದಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಐವರು ವೈದ್ಯರ ತಂಡದೊಂದಿಗೆ ಚೀನಕ್ಕೆ ಹೋದರು. ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಲೇ ಅಲ್ಲಿನ ಭಾಷೆ ಕಲಿತು, ಆ ಭಾಷೆಯಲ್ಲೇ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1942ರ ಡಿಸೆಂಬರ್ 9ರಂದು, 32ರ ಹರೆಯದಲ್ಲಿ ಅಲ್ಲೇ ತೀರಿಕೊಂಡರು. ಶಿಜಿಯಾಝುವಾಂಗ್ ನಗರದಲ್ಲಿ ಇಂದಿಗೂ ಅವರ ಸ್ಮಾರಕವಿದೆ. ಎರಡು ದೇಶಗಳ ನಡುವೆ ಏನೇ ಏರುಪೇರಾದರೂ ಅಲ್ಲಿನವರು ಆ ಹೆಸರನ್ನು ಮರೆತಿಲ್ಲ.

ಹೊರಡುವ ಶಿಕ್ಷಕರೂ ಹತ್ತಿಪ್ಪತ್ತು ಚೀನೀ ಮಾತು ಕಲಿತು, ಕಾಗದಪತ್ರ ನೆಟ್ಟಗೆ ಇಟ್ಟುಕೊಂಡು ಹೋದರೆ ಅರ್ಧ ಚಿಂತೆ ಇಲ್ಲೇ ಕಳೆಯುತ್ತದೆ. ಹೋಗಿ ಬಂದವರನ್ನು ಕರೆಸಿ, ಹೊರಡುವವರೊಂದಿಗೆ ಒಂದು ಭಾನುವಾರ ಸಂಜೆ ಕೂರಿಸುವ ಕೆಲಸವನ್ನು ನಮ್ಮ ಕನ್ನಡ ಸಂಘಗಳು ಮಾಡಿದರೆ ಉಳಿದರ್ಧವೂ ಕಳೆದೀತು.