ಪಂಜರದ ಹಕ್ಕಿಯ ಹೊಣೆ

ಚಿತ್ರದುರ್ಗದ ಹಳೆಯ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದು ಹೋಗುವವರಿಗೆ ಯಾವುದಾದರೊಂದು ಮನೆಯ ಪಡಸಾಲೆಯಿಂದ ಎಡೆಬಿಡದ ಚಿಲಿಪಿಲಿ ಕೇಳಿಬರುವುದುಂಟು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿಯೂ ಈ ದನಿ ಅಪರೂಪವಲ್ಲ. ಇಣುಕಿ ನೋಡಿದರೆ ತಂತಿಯ ಪಂಜರದೊಳಗೆ ಹಸಿರು, ಹಳದಿ, ನೀಲಿ, ಬಿಳಿ ಬಣ್ಣದ ಪುಟ್ಟ ಗಿಳಿಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಜನ ಅವುಗಳನ್ನು ‘ಲವ್ ಬರ್ಡ್ಸ್’ ಎಂದು ಕರೆಯುತ್ತಾರೆ. ಆದರೆ ಆ ಹೆಸರು ನಿಜವಾಗಿ ಆಫ್ರಿಕದ ಬೇರೊಂದು ಬಗೆಯ ಗಿಳಿಗೆ ಸಲ್ಲತಕ್ಕದ್ದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಆಸ್ಟ್ರೇಲಿಯದ ಬಡ್ಜರಿಗಾರ್. ಚಿಕ್ಕದಾಗಿ ಹೇಳುವುದಾದರೆ ಬಡ್ಜಿ. ಪ್ರಾಣಿಯನ್ನು ಪ್ರೀತಿಸಿದರೆ ಸಾಲದು, ಅದನ್ನು ತಿಳಿಯಬೇಕು ಎಂಬ ಪಾಠವನ್ನು ನಾನು ಕಲಿತದ್ದು ಈ ಹಕ್ಕಿಯಿಂದಲೇ.

ಬಡ್ಜಿ ಸುಮಾರು 18 ಸೆಂಟಿಮೀಟರ್ ಉದ್ದದ ಹಕ್ಕಿ. ಕಾಡಿನ ಬಡ್ಜಿಯ ತೂಕ 30ರಿಂದ 40 ಗ್ರಾಂ ಮಾತ್ರ. 1805ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದನು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞನು ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದನು. ಅಲ್ಲಿಂದ ಮುಂದೆ ಇದು ಲೋಕದ ಮನೆಮನೆಗಳಿಗೆ ಹರಡಿತು. ಕಾಡಿನ ಬಡ್ಜಿಯ ಮೈ ಹಸಿರು, ಮುಖ ಹಳದಿ. ಬೆನ್ನಿನ ಮೇಲೆ ಅಲೆಯಲೆಯಾದ ಕಪ್ಪು ಗೆರೆಗಳು. ನೀಲಿ, ಬಿಳಿ ಮೊದಲಾದ ಬಣ್ಣಗಳೆಲ್ಲ ಮನುಷ್ಯನು ತಲೆಮಾರುಗಳ ಕಾಲ ಆರಿಸಿ ಆರಿಸಿ ಜೊತೆಗೂಡಿಸಿದ್ದರಿಂದ ನೆಲೆಗೊಂಡವು. ಗಂಡು ಹಕ್ಕಿ ತಾಳ್ಮೆಯಿಂದ ಕಲಿಸಿದರೆ ಮನುಷ್ಯರ ಮಾತನ್ನೂ ಅನುಕರಿಸಬಲ್ಲದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದು 1994ರಲ್ಲಿ ಸತ್ತ ‘ಪಕ್’ ಎಂಬ ಬಡ್ಜಿಯು 1,728 ಪದಗಳನ್ನು ಕಲಿತಿತ್ತೆಂದು ಗಿನ್ನೆಸ್ ದಾಖಲೆಯಲ್ಲಿದೆ.

ಈ ಹಕ್ಕಿಯ ತವರು ಆಸ್ಟ್ರೇಲಿಯದ ಒಳನಾಡಿನ ಬಯಲು. ಅಲ್ಲಿ ಮಳೆ ಕಡಮೆ. ಬಿದ್ದರೂ ಹೇಳಿ ಕೇಳಿ ಬೀಳುವುದಿಲ್ಲ. ನೀರು ಮತ್ತು ಹುಲ್ಲಿನ ಬೀಜಗಳನ್ನು ಅರಸುತ್ತ ಬಡ್ಜಿಗಳು ದೊಡ್ಡ ಹಿಂಡುಗಳಾಗಿ ಊರಿಂದೂರಿಗೆ ಅಲೆಯುತ್ತವೆ. ಮಳೆ ಬಂದು ಹುಲ್ಲು ತೆನೆಗಟ್ಟಿದಾಗ ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅದರ ಸಾಕಣೆಯ ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ. ಅದು ಹಿಂಡಿನ ಹಕ್ಕಿ, ಆದ್ದರಿಂದ ಒಂಟಿಯಾಗಿಡಬಾರದು. ಅದು ಹಾರಾಡುವ ಹಕ್ಕಿ, ಆದ್ದರಿಂದ ಇಕ್ಕಟ್ಟಿನಲ್ಲಿಡಬಾರದು. ಅದು ಹುಲ್ಲುಬೀಜ ತಿನ್ನುವ ಹಕ್ಕಿ, ಆದ್ದರಿಂದ ನಮ್ಮ ಬಯಲುಸೀಮೆಯ ಕಿರುಧಾನ್ಯಗಳು ಅದಕ್ಕೆ ಒಗ್ಗುತ್ತವೆ.

ಒಂದು ಜೊತೆಗೆ ಕನಿಷ್ಠ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಪಂಜರ ಬೇಕು. ಬಡ್ಜಿ ಅಡ್ಡಡ್ಡಲಾಗಿ ಹಾರುವುದರಿಂದ ಎತ್ತರಕ್ಕಿಂತ ಉದ್ದವೇ ಮುಖ್ಯ. ಸರಳುಗಳ ನಡುವಣ ಅಂತರ ಅರ್ಧ ಅಂಗುಲವನ್ನು ಮೀರಬಾರದು. ಮೀರಿದರೆ ಹಕ್ಕಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಕುಳಿತುಕೊಳ್ಳಲು ನುಣುಪಾದ ಪ್ಲಾಸ್ಟಿಕ್ ಕಡ್ಡಿಗಿಂತ ದಪ್ಪ ತೆಳು ಬೆರೆತ ಬೇವಿನ ಅಥವಾ ಸೀಬೆಯ ಕೊಂಬೆ ಲೇಸು. ಅದರಿಂದ ಕಾಲಿನ ಬೆರಳುಗಳಿಗೆ ವ್ಯಾಯಾಮವಾಗುತ್ತದೆ. ಪಂಜರದ ಒಂದು ಬದಿ ಗೋಡೆಗೆ ಒರಗಿರಲಿ. ಬೆನ್ನಿಗೆ ಆಸರೆಯಿದ್ದರೆ ಹಕ್ಕಿಗೆ ಧೈರ್ಯ. ಅಡುಗೆಮನೆಯ ಸಮೀಪ ಮಾತ್ರ ಇಡಲೇಬಾರದು. ಹೊಗೆಯನ್ನು ಹಕ್ಕಿಯ ಶ್ವಾಸಕೋಶ ತಾಳದು. ಅಂಟದಂತೆ ಲೇಪ ಹಚ್ಚಿದ ಬಾಣಲೆ ಮಿತಿಮೀರಿ ಕಾದಾಗ ಹೊರಡುವ ಆವಿಯಂತೂ ಮನುಷ್ಯರಿಗೆ ಗೊತ್ತಾಗುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು.

ಆಹಾರದ ವಿಷಯದಲ್ಲಿ ನಮ್ಮ ಜಿಲ್ಲೆಯವರು ಭಾಗ್ಯವಂತರು. ನವಣೆ, ಸಾವೆ, ಬರಗು, ಸಜ್ಜೆ ಇವೆಲ್ಲ ನಮ್ಮ ಹೊಲಗಳಿಗೆ ಪರಿಚಿತವಾದ ಬೆಳೆಗಳು. ಇವುಗಳನ್ನು ಸಿಪ್ಪೆಸಹಿತ ಬೆರೆಸಿ ಕೊಡಬೇಕು. ಬರಿಯ ಕಾಳಿನಿಂದ ಪೋಷಣೆ ಪೂರ್ಣವಾಗದು. ತೊಳೆದ ಹರಿವೆ, ನುಗ್ಗೆ, ಕೊತ್ತಂಬರಿ ಸೊಪ್ಪು, ತುರಿದ ಗಜ್ಜರಿ, ಮೊಳಕೆ ಬಂದ ಕಾಳು ಇವು ದಿನವೂ ಸ್ವಲ್ಪ ಸ್ವಲ್ಪ ಇರಬೇಕು. ಸುಣ್ಣದ ಅಂಶಕ್ಕಾಗಿ ಕಡಲನೊರೆಯ ತುಂಡೊಂದನ್ನು ಸರಳಿಗೆ ಕಟ್ಟಬೇಕು. ಉಪ್ಪು ಹಾಕಿದ ತಿನಿಸು, ಚಾಕೊಲೇಟ್, ಕಾಫಿ, ಈರುಳ್ಳಿ, ಬೆಣ್ಣೆಹಣ್ಣು ಇವು ಅದಕ್ಕೆ ವಿಷಸಮಾನ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ನಿವೃತ್ತನಾದ ವರ್ಷ ಮೊಮ್ಮಗಳ ಆಸೆಗೆಂದು ಒಂದು ಜೊತೆ ಬಡ್ಜಿಗಳನ್ನು ತಂದಿದ್ದೆ. ಕೆಲವು ತಿಂಗಳ ಬಳಿಕ ನಾವೆಲ್ಲರೂ ಮದುವೆಯೊಂದಕ್ಕಾಗಿ ಹಿರಿಯೂರಿಗೆ ಹೊರಟೆವು. ಪಕ್ಕದ ಮನೆಯ ಹುಡುಗನನ್ನು ಕರೆದು, “ಬಟ್ಟಲು ಬರಿದಾದರೆ ನವಣೆ ಹಾಕಪ್ಪ, ನೀರು ಬದಲಿಸು” ಎಂದು ಹೇಳಿ, ಕಾಳಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟೆ. ಮೂರನೆಯ ದಿನ ಸಂಜೆ ಹಿಂದಿರುಗಿದಾಗ ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಗಂಡು ಹಕ್ಕಿ ಗರಿಕೆದರಿ ಕಣ್ಣುಮುಚ್ಚಿ ಕುಳಿತಿತ್ತು. ಹುಡುಗ ದಿನಕ್ಕೆ ಮೂರು ಸಲ ಬಂದು ನೋಡಿದ್ದನು, ನೀರನ್ನೂ ಬದಲಿಸಿದ್ದನು. “ಬಟ್ಟಲು ತುಂಬೇ ಇತ್ತಲ್ಲ, ಮೇಷ್ಟ್ರೇ” ಎಂದು ಅಳತೊಡಗಿದನು. ಅವನು ಹೇಳಿದ್ದು ನಿಜ. ಬಟ್ಟಲು ತುಂಬಿತ್ತು. ನಾನು ಅದನ್ನು ಎತ್ತಿಕೊಂಡು ಮೆಲ್ಲನೆ ಊದಿದೆ. ಹೊಟ್ಟೆಲ್ಲ ಹಾರಿಹೋಯಿತು, ಅಡಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ.

ಬಡ್ಜಿ ಕಾಳನ್ನು ಕೊಕ್ಕಿನಿಂದ ಸುಲಿದು ತಿರುಳನ್ನು ನುಂಗಿ ಸಿಪ್ಪೆಯನ್ನು ಅಲ್ಲೇ ಬೀಳಿಸುತ್ತದೆ. ಬಟ್ಟಲಿನ ಮೇಲೆ ಹೊಟ್ಟು ಕಟ್ಟಿಕೊಂಡು, ನೋಡುವವರಿಗೆ ಕಾಳು ಹಾಗೆಯೇ ಇದ್ದಂತೆ ತೋರುತ್ತದೆ. ಅಷ್ಟು ಚಿಕ್ಕ ಮೈಯ ಹಕ್ಕಿ ಒಂದೆರಡು ದಿನಗಳ ಉಪವಾಸವನ್ನು ತಾಳಲಾರದು. ಇದು ನನಗೆ ತಿಳಿದಿತ್ತು. ದಿನವೂ ಬೆಳಿಗ್ಗೆ ನಾನು ಹೊಟ್ಟನ್ನು ಊದುತ್ತಿದ್ದೆ. ಆದರೆ ಕೈಗೆ ರೂಢಿಯಾದ ಕೆಲಸವನ್ನು ಬಾಯಿಬಿಟ್ಟು ಹೇಳಬೇಕೆಂದು ನನಗೆ ತೋಚಲಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದವನು ಹೇಳಲೇಬೇಕಾದ ಒಂದು ಮಾತನ್ನು ಹೇಳದೆ ಹೋದೆ. ತಪ್ಪು ಹುಡುಗನದಲ್ಲ, ನನ್ನದು.

ನಮ್ಮ ಕಡೆಯ ಬೇಸಗೆಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಕ್ಕಿ ಬಾಯಿ ತೆರೆದು ಏದುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಕುಳಿತರೆ ಅದಕ್ಕೆ ಸೆಕೆ ಮಿತಿಮೀರಿದೆ ಎಂದು ತಿಳಿಯಬೇಕು. ಕೂಡಲೇ ಪಂಜರವನ್ನು ನೆರಳಿಗೆ ಸರಿಸಿ, ಗಾಳಿಗೆ ತಡೆಯಾಗದಂತೆ ಒಂದು ಬದಿಗೆ ಒದ್ದೆ ಗೋಣಿಯನ್ನು ಇಳಿಬಿಟ್ಟು, ಅಗಲವಾದ ತಟ್ಟೆಯಲ್ಲಿ ಸ್ನಾನಕ್ಕೆ ನೀರಿಡಬೇಕು. ಕಾಯಿಲೆಯನ್ನು ಬಡ್ಜಿ ಬಲ್ಲಷ್ಟು ಕಾಲ ಮುಚ್ಚಿಡುತ್ತದೆ. ಹಿಂಡಿನಲ್ಲಿ ದುರ್ಬಲವಾಗಿ ಕಂಡ ಹಕ್ಕಿಯ ಮೇಲೆ ಗಿಡುಗದ ಕಣ್ಣು ಬೀಳುವುದು ಮೊದಲು. ಆದ್ದರಿಂದ ಗರಿಕೆದರಿ ಕುಳಿತ, ತಳಕ್ಕಿಳಿದ, ಉಸಿರಿಗೊಮ್ಮೆ ಬಾಲವಾಡಿಸುವ ಹಕ್ಕಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಗಿಳಿಗಳಿಂದ ಮನುಷ್ಯರಿಗೆ ಅಂಟುವ ಸಿಟಕೋಸಿಸ್ ಎಂಬ ಜ್ವರವೂ ಉಂಟು. ಪಂಜರದ ಹಿಕ್ಕೆಯನ್ನು ಒಣಗಿದ್ದಾಗ ಕೆರೆದು ದೂಳೆಬ್ಬಿಸದೆ, ನೀರು ಚಿಮುಕಿಸಿ ಒರೆಸಿ, ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು.

ಇನ್ನು ಮರಿ ಮಾಡಿಸುವ ವಿಚಾರ. ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ಪಟ್ಟಿ ಬೆಳೆದ ಗಂಡಿನಲ್ಲಿ ನೀಲಿಯಾಗಿಯೂ ಹೆಣ್ಣಿನಲ್ಲಿ ಕಂದಾಗಿಯೂ ಇರುತ್ತದೆ. ಕೆಂಗಣ್ಣಿನ ಹಳದಿ, ಬಿಳಿ ಹಕ್ಕಿಗಳಲ್ಲಿ ಮಾತ್ರ ಗಂಡಿನ ಪಟ್ಟಿ ನಸುಗೆಂಪು. ಒಡಹುಟ್ಟಿದ ಹಕ್ಕಿಗಳನ್ನು ಜೊತೆಗೂಡಿಸಬಾರದು; ಒಂದು ವರ್ಷ ತುಂಬುವವರೆಗೆ ಮರಿ ಮಾಡಿಸಬಾರದು. ಪೊಟರೆಯ ಬದಲಿಗೆ ನಮ್ಮಲ್ಲಿ ಕುಂಬಾರರ ಕುಡಿಕೆಯನ್ನು ಪಂಜರದ ಮೇಲ್ಭಾಗದಲ್ಲಿ ಅಡ್ಡಲಾಗಿ ಕಟ್ಟುವ ರೂಢಿಯಿದೆ. ಹೆಣ್ಣು ಒಳಗೆ ಹೋಗುವಷ್ಟೇ ಬಾಯಿ ಇದ್ದರೆ ಸಾಕು. ಹೆಣ್ಣು ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಕಾವು ಕೊಡುವುದು ಹೆಣ್ಣೊಂದೇ; ಗಂಡು ಹೊರಗಿನಿಂದ ಬಂದು ತಾನು ತಿಂದುದನ್ನು ಕಕ್ಕಿ ಅದಕ್ಕೆ ಉಣಿಸುತ್ತದೆ. ಸುಮಾರು 18 ದಿನಗಳಲ್ಲಿ ಮೊಟ್ಟೆ ಒಡೆದು, ಕಣ್ಣು ತೆರೆಯದ, ಗರಿಯಿಲ್ಲದ, 2 ಗ್ರಾಂ ತೂಕದ ಮರಿ ಹೊರಬರುತ್ತದೆ. ಒಂದೊಂದೇ ಒಡೆಯುವುದರಿಂದ ಒಂದೇ ಕುಡಿಕೆಯಲ್ಲಿ ಹಿರಿದು ಕಿರಿದಾದ ಮರಿಗಳು ಸೇರಿರುತ್ತವೆ. ಹತ್ತು ದಿನಗಳ ಹೊತ್ತಿಗೆ ಕಣ್ಣು ತೆರೆದು, ಒಂದು ತಿಂಗಳು ಕಳೆದ ಮೇಲೆ ಮರಿಗಳು ಹೊರಗೆ ಇಣುಕುತ್ತವೆ. ಆಮೇಲೆಯೂ ಕೆಲವು ದಿನ ತಂದೆಯೇ ಅವುಗಳಿಗೆ ಉಣಿಸುತ್ತದೆ. ಈ ಕಾಲದಲ್ಲಿ ಪದೇ ಪದೇ ಕುಡಿಕೆಯಲ್ಲಿ ಕೈಹಾಕುವುದು ಸಲ್ಲದು. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಮರಿ ಮಾಡಿಸಿದರೆ ಹೆಣ್ಣಿನ ಮೈಯ ಸುಣ್ಣ ಬರಿದಾಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು, ಪ್ರಾಣಕ್ಕೇ ಅಪಾಯವಾದೀತು. ಎರಡನೆಯ ಸಲದ ಮರಿಗಳು ಹಾರಿದೊಡನೆ ಕುಡಿಕೆಯನ್ನು ತೆಗೆದಿಡಬೇಕು.

ಕುಡಿಕೆ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹುಟ್ಟುವ ಮರಿಗಳು ಎಲ್ಲಿ ಬಾಳುತ್ತವೆ? ಅವಕ್ಕೆ ನೆಲೆಯಿಲ್ಲದಿದ್ದರೆ ಮರಿ ಮಾಡಿಸದಿರುವುದೇ ದಯೆ. ‘ಬಾಗಿಲು ತೆರೆದು ಹಾರಿಬಿಟ್ಟರೆ ಪುಣ್ಯ ಬರುತ್ತದೆ’ ಎನ್ನುವವರಿದ್ದಾರೆ. ತಲೆಮಾರುಗಳಿಂದ ಪಂಜರದಲ್ಲಿ ಹುಟ್ಟಿದ ಬಡ್ಜಿಗೆ ನಮ್ಮ ಬಯಲಿನಲ್ಲಿ ಕಾಳು ನೀರುಗಳ ಜಾಡು ತಿಳಿಯದು. ಅದು ಬಹುಬೇಗ ಹಸಿವಿಗೋ ಕಾಗೆ ಗಿಡುಗಗಳಿಗೋ ತುತ್ತಾಗುತ್ತದೆ. ನಮ್ಮ ನಾಡಿನ ಗಿಳಿಯ ಮಾತು ಬೇರೆ. ಅದು ಆಕಾಶಕ್ಕೆ ಸೇರಿದ ಹಕ್ಕಿ. ಅದನ್ನು ಹಿಡಿಯುವುದನ್ನೂ ಮಾರುವುದನ್ನೂ ಪಂಜರದಲ್ಲಿಡುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅಪರಾಧವೆಂದು ಪರಿಗಣಿಸುತ್ತದೆ. ಒಂದು ಹಕ್ಕಿಯನ್ನು ಹಿಡಿಯದಿರುವುದು ಧರ್ಮ. ಇನ್ನೊಂದನ್ನು ಕೈಬಿಡದಿರುವುದು ಧರ್ಮ. ಎರಡನ್ನೂ ಒಂದೇ ಎಂದು ಬಗೆದರೆ ಎರಡಕ್ಕೂ ಅನ್ಯಾಯ ಮಾಡಿದಂತಾಗುತ್ತದೆ.

ಚೆನ್ನಾಗಿ ನೋಡಿಕೊಂಡರೆ ಬಡ್ಜಿ ಐದರಿಂದ ಎಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಅಷ್ಟೂ ಕಾಲ ಅದಕ್ಕೆ ಮಳೆಯೂ ಹೊಲವೂ ಹಿಂಡೂ ನಾವೇ ಆಗಬೇಕು. ನಮ್ಮ ಮನೆಯ ಗಂಡು ಹಕ್ಕಿ ಬದುಕಿಕೊಂಡಿತು. ಮರುವಾರವೇ ಅದಕ್ಕೊಂದು ಜೊತೆಯನ್ನು ತಂದೆವು. ನೆರೆಯ ಹುಡುಗ ಈಗಲೂ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ನಮ್ಮ ಪಡಸಾಲೆಗೆ ಬರುತ್ತಾನೆ. ಬಟ್ಟಲನ್ನು ಹೊರಗೆ ತಂದು ಹೊಟ್ಟನ್ನು ಊದಿ, ಅಡಿಯಲ್ಲಿ ಕಾಳಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಶಾಲೆಗೆ ಹೋಗುತ್ತಾನೆ.